ಗಾಜಲ್ಲಿ ಅಜ್ಜಿ ಮುಖ

ಪ್ರಶ್ನೆ: ಸಾರ್, ನಮ್ಮಜ್ಜಿ ಫೋಟೋ ನೋಡ್ಕೊಂಡು ಸ್ಟೇನ್ಡ್ ಗ್ಲಾಸಲ್ಲಿ, ಅಂದ್ರೆ ಬಣ್ಣದ ಗಾಜಿನ ಪೀಸ್ ಜೋಡಿಸಿ ಚಿತ್ರ ಮಾಡೋ ಕಲೇಲಿ, ಅವ್ರ ಮುಖ ಮಾಡ್ದೆ. ಹಣೆ, ಮೂಗು, ಕೆನ್ನೆ ಎಲ್ಲಾ ಬೇರೆ ಬೇರೆ ಪೀಸ್ ಕಟ್ ಮಾಡಿ ಸೀಸದ ಪಟ್ಟೀಲಿ ಜೋಡಿಸ್ದೆ, ಈಗ ನೋಡಿದ್ರೆ ಒಡೆದ ಮುಖ ಅಂಟಿಸಿದ ಹಾಗಿದೆ. ಏನ್ ಮಾಡ್ಲಿ?
- ಓದುಗರೊಬ್ಬರು, ಮೈಸೂರು

ಉತ್ತರ: ಬೇಜಾರಾಗ್ಬೇಡಿ, ಶುರುವಲ್ಲಿ ತುಂಬಾ ಜನ ಹಿಂಗೇ ಮಾಡೋದು. ಮುಖ ಪೂರ್ತಿ ಒಂದೇ ಗಾಜಲ್ಲಿ ಬರ್ಲಿ, ಸೀಸದ ಗೆರೆ ಕೂದಲ ಅಂಚು, ಗಲ್ಲದ ಕೆಳಗೆ, ಸೆರಗಿನ ಮಡಿಕೆ ಇಂಥ ಕಡೆ ಹೋಗ್ಲಿ. ಕಣ್ಣು ಮೂಗು ಎಲ್ಲಾ ಬರೆಯೋದು ಗ್ಲಾಸ್ ಪೇಂಟಲ್ಲಿ, ಅಂದ್ರೆ ಗಾಜಿನ ಪುಡಿಗೆ ಕಬ್ಬಿಣ ಇಲ್ಲಾ ತಾಮ್ರದ ಆಕ್ಸೈಡ್ ಸೇರಿಸಿದ್ದು, ಅದನ್ನ ನೀರು, ಸ್ವಲ್ಪ ಗೋಂದಲ್ಲಿ ಕಲಸಿ ಗೆರೆ ಎಳೆದು ಗಾಜು ಸುಡೋ ಒಲೆ, ಅಂದ್ರೆ ಕಿಲ್ನ್‌ನಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ರೆ ಗಾಜಿಗೇ ಕಚ್ಕೊಳ್ಳುತ್ತೆ. ಆಮೇಲೆ ತೆಳ್ಳಗೆ ಇನ್ನೊಂದು ಕೋಟ್ ಬಳಿದು, ಒಣಗಿದ್ಮೇಲೆ ಗಟ್ಟಿ ಬ್ರಶ್ಶಲ್ಲೋ ಸೂಜೀಲೋ ಬೆಳಕು ಬೇಕಾದ ಕಡೆ ಕೆರೆದು ತೆಗೀಬೇಕು. ನನಗೆ ಈ ಕಲೇಲಿ ತುಂಬಾ ಇಷ್ಟ ಆಗೋದೇ ಇದು, ಬೆಳಕು ಹಿಂದಿಂದ ಬರೋದ್ರಿಂದ ಕೆನ್ನೆ ಹೊಳಪು ಬಳಿಯೋದಲ್ಲ, ಬಣ್ಣ ತೆಗೆದು ತರೋದು. ಮತ್ತೆ ಸುಡಿ. ಅಜ್ಜಿ ಮೂಗುತಿಗೆ ಸಿಲ್ವರ್ ಸ್ಟೇನ್ ಹಾಕಿ, ಬೆಳ್ಳಿ ಸಂಯುಕ್ತನ ಗಾಜಿನ ಹಿಂಬದಿ ಬಳಿದು ಸುಟ್ರೆ ಚಿನ್ನದ ಹಳದಿ ಬರುತ್ತೆ, ಯುರೋಪಿನ ಚರ್ಚ್‌ಗಳಲ್ಲಿ 14ನೇ ಶತಮಾನದಿಂದ ಇದೆ ಈ ವಿದ್ಯೆ. ನಿಮ್ಮೂರಲ್ಲೇ ಸೇಂಟ್ ಫಿಲೋಮಿನಾ ಚರ್ಚ್ ಇದ್ಯಲ್ಲ, ಬಿಸಿಲಿರೋವಾಗ ಹೋಗಿ ಕಿಟಕಿಗಳಲ್ಲಿ ಮುಖದ ಸುತ್ತ ಗೆರೆ ಎಲ್ಲಿ ಹೋಗಿದೆ ಅಂತ ನೋಡ್ಕೊಂಡ್ ಬನ್ನಿ. ಸೀಸ ಮುಟ್ಟಿದ್ಮೇಲೆ ಕೈ ಸೋಪಲ್ಲಿ ಚೆನ್ನಾಗಿ ತೊಳೀರಿ, ಪೇಂಟ್ ಪುಡಿ ಕೆರೆಯುವಾಗ ಮಾಸ್ಕ್ ಹಾಕ್ಕೊಳ್ಳಿ.