ಕಲಬುರಗಿಯ ನಮ್ಮ ಕ್ರಿಕೆಟ್ ತಂಡಕ್ಕೆ 15 ಟೀ-ಶರ್ಟ್ ಬೇಕು. ಹೀಟ್ ಟ್ರಾನ್ಸ್‌ಫರ್ ಮುದ್ರಣ ಮಾಡಿಸಬಹುದೇ?

ಮಾಡಿಸಬಹುದು. ಶಾಖ ಕೊಟ್ಟು ವಿನ್ಯಾಸವನ್ನು ಬಟ್ಟೆಗೆ ಇಳಿಸುವುದೇ ಹೀಟ್ ಟ್ರಾನ್ಸ್‌ಫರ್. ಇರುವುದೇ 15 ಅಂಗಿ, ಒಂದೊಂದರ ಮೇಲೂ ಬೇರೆ ಹೆಸರು, ಬೇರೆ ಸಂಖ್ಯೆ ಎಂದಾದರೆ ಇದೇ ಸರಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ವಿನ್ಯಾಸದ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಪರದೆ ಸಿದ್ಧಪಡಿಸಬೇಕು. ಆ ಖರ್ಚು ನೂರಾರು ಅಂಗಿಗಳಿಗೆ ಹಂಚಿಹೋದರೆ ಮಾತ್ರ ಅಗ್ಗ.

ಆದರೆ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ದರವನ್ನಲ್ಲ, ವಿಧಾನವನ್ನು. ಹೀಟ್ ಟ್ರಾನ್ಸ್‌ಫರ್‌ನ ಒಂದು ವಿಧಾನ ಸಬ್ಲಿಮೇಷನ್. ಅದರಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಗದದ ಮೇಲಿನ ಬಣ್ಣ ಕರಗದೆ ನೇರವಾಗಿ ಆವಿಯಾಗುತ್ತದೆ, ಬಿಸಿಗೆ ಸಡಿಲಗೊಂಡ ಪಾಲಿಯೆಸ್ಟರ್ ಎಳೆಯೊಳಗೆ ಇಳಿಯುತ್ತದೆ. ಎಳೆ ತಣ್ಣಗಾದಾಗ ಬಣ್ಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಅದು ಸಿಪ್ಪೆ ಏಳುವುದಿಲ್ಲ, ಬಿರುಕು ಬಿಡುವುದಿಲ್ಲ. ಸವರಿದರೆ ಮುದ್ರಣವಿದೆಯೆಂದೇ ತಿಳಿಯದು. ಹತ್ತಿಯ ಎಳೆ ಮಾತ್ರ ಈ ಬಣ್ಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಒಗೆದಂತೆ ಮಾಸುತ್ತದೆ. ಈ ಶಾಯಿಯಲ್ಲಿ ಬಿಳಿ ಬಣ್ಣವೂ ಇಲ್ಲ, ಆದ್ದರಿಂದ ಕಪ್ಪು ಅಂಗಿಗೆ ಉಪಯೋಗವಿಲ್ಲ.

ಇನ್ನೊಂದು ವಿನೈಲ್. ತೆಳು ಪ್ಲಾಸ್ಟಿಕ್ ಹಾಳೆಯ ಹಿಂಬದಿಯ ಅಂಟು ಶಾಖಕ್ಕೆ ಕರಗಿ ಬಟ್ಟೆಗೆ ಅಂಟುತ್ತದೆ. ಹತ್ತಿಗೂ ಆಗುತ್ತದೆ, ಗಾಢ ಬಣ್ಣಕ್ಕೂ ಆಗುತ್ತದೆ. ಆದರೆ ಅದು ಮೇಲ್ಪದರವಷ್ಟೇ, ಗಾಳಿಯಾಡದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆನ್ನ ತುಂಬ ವಿನೈಲ್ ಹೊತ್ತು ಬೌಲಿಂಗ್ ಮಾಡುವವರ ಪಾಡು ಕೇಳುವುದೇ ಬೇಡ! ದಿನ ಕಳೆದಂತೆ ಅಂಚು ಏಳುತ್ತದೆ.

ನಾನಾದರೆ ತಿಳಿ ಬಣ್ಣದ ಪಾಲಿಯೆಸ್ಟರ್ ಅಂಗಿಗೆ ಸಬ್ಲಿಮೇಷನ್ ಮಾಡಿಸುತ್ತೇನೆ. ಹತ್ತಿಯೇ ಬೇಕೆಂದರೆ ವಿನೈಲ್ ಚಿಕ್ಕದಾಗಿರಲಿ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಕಲ್ಲಿಗೆ ಬಡಿಯಬೇಡಿ, ಮುದ್ರಣದ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ.