ನಾಲ್ಕು ನಿಮಿಷದ ಕಲ್ಯಾಣಿ

ಹೋದ ತಿಂಗಳು ‘ಸಿನಿಮಾದಲ್ಲಿ ಕಲ್ಯಾಣಿ’ ಎಂದು ಒಂದು ಪುಟ ಹಾಕಿದ್ದೆವು. ಹಿಂದಿ, ತಮಿಳು, ಕನ್ನಡ ಎಲ್ಲ ಸೇರಿಸಿ ಕಲ್ಯಾಣಿ ರಾಗದ ಒಂದಷ್ಟು ಹಾಡುಗಳ ಪಟ್ಟಿ. ಅದನ್ನು ಓದಿ ಸಾಗರದ ನಿವೃತ್ತ ಸಂಗೀತ ಟೀಚರ್ ಒಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ‘ವಿದ್ವಾಂಸರು ಒಂದು ಗಂಟೆ ಹಾಡಿದರೂ ಮುಗಿಯದ ರಾಗ ನಾಲ್ಕು ನಿಮಿಷದ ಹಾಡಿನಲ್ಲಿ ಹೇಗೆ ಬಂತು? ಅದು ರಾಗ ಅಲ್ಲ, ಬರೀ ಸ್ವರ. ನಿಮ್ಮ ಪಟ್ಟಿಯ ಒಂದು ಹಾಡನ್ನು ಮೊಮ್ಮಗಳು ಫೋನಿನಲ್ಲಿ ಹುಡುಕಿದರೆ ಯಮನ್ ಅಂತ ಬರುತ್ತದೆ. ಯಾವುದು ನಿಜ? ತ್ಯಾಗರಾಜರ ಕೃತಿಯ ರಾಗವನ್ನೇ ಬದಲಾಯಿಸಿದ ಸಿನಿಮಾದವರಿಗೆ ನೀವು ಯಾಕೆ ಮಣೆ ಹಾಕುತ್ತೀರಿ?’

ಮೇಡಂ, ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ‘ಜಬ್ ದೀಪ್ ಜಲೇ ಆನಾ’ ಹಾಡನ್ನು ಆ ಪಟ್ಟಿಯಲ್ಲಿ ಹಾಕಬಾರದಿತ್ತು. ಅದು ಹಿಂದೂಸ್ತಾನಿ ಸಂಗೀತದ ಯಮನ್ ರಾಗ. ಫೋನು ಹೇಳಿದ್ದೇ ಸರಿ. ಪುಟ ಕಟ್ಟುವಾಗ ‘ಎರಡೂ ಒಂದೇ ತಾನೇ, ಹಾಕಿ’ ಅಂದವನು ನಾನೇ.

ಸ್ವರ ಒಂದೇ, ನಿಜ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬೇರೆ ಓದುಗರಿಗಾಗಿ ಹೇಳುತ್ತೇನೆ. ಕರ್ನಾಟಕ ಸಂಗೀತದಲ್ಲಿ ಏಳೂ ಸ್ವರ ಇರುವ 72 ಮೂಲ ರಾಗಗಳಿಗೆ ಮೇಳ ಅನ್ನುತ್ತಾರೆ. ಕಲ್ಯಾಣಿ 65ನೇ ಮೇಳ. 29ನೇ ಮೇಳವಾದ ಶಂಕರಾಭರಣದಲ್ಲಿ ಶುದ್ಧ ಮಧ್ಯಮ (ಕೆಳಗಿನ ‘ಮ’) ತೆಗೆದು ಪ್ರತಿ ಮಧ್ಯಮ (ಮೇಲಿನ ‘ಮ’) ಇಟ್ಟರೆ ಕಲ್ಯಾಣಿ. ಯಮನ್‌ನಲ್ಲಿರುವುದೂ ಅವೇ ಏಳು ಸ್ವರ. ಆದರೆ ನಡಿಗೆ ಬೇರೆ. ಯಮನ್ ಹಾಡುವವರು ಮೇಲೆ ಹೋಗುವಾಗ ಷಡ್ಜ (ಸ), ಪಂಚಮ (ಪ) ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುವುದೇ ಜಾಸ್ತಿ: ನಿ ರಿ ಗ, ಮ ದ ನಿ. ಗಾಂಧಾರದ (ಗ) ಮೇಲೆ ಅಲ್ಲಾಡದೆ ನಿಲ್ಲುತ್ತಾರೆ, ತುಂಬಾ ಹೊತ್ತು. ನಮ್ಮ ಕಲ್ಯಾಣಿಗೆ ಅಷ್ಟು ಹೊತ್ತು ಸುಮ್ನೆ ನಿಲ್ಲುವ ಸ್ವಭಾವ ಇಲ್ಲ. ಅಲ್ಲಿ ಗಮಕ, ಅಂದರೆ ಸ್ವರವನ್ನು ಅಲ್ಲಾಡಿಸಿ ಹಾಡುವುದು, ಬೇಕು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಸಿನಿಮಾ ಹಾಡಿನಲ್ಲಿ ಇರುವುದು ಬರೀ ಸ್ವರ ಅಂತಾದರೆ, ನಿಮ್ಮ ಮೊಮ್ಮಗಳಿಗೆ ಯಮನ್, ಕಲ್ಯಾಣಿ ಎಂಬ ಪ್ರಶ್ನೆಯೇ ಏಳಬಾರದಿತ್ತು ಅಲ್ವಾ? ಸ್ವರ ಏಳೂ ಒಂದೇ ಆದಾಗ ಎರಡನ್ನೂ ಬೇರೆ ಮಾಡುವುದು ಸಂಚಾರ, ಅಂದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ. 1967ರ ತಮಿಳು ಚಿತ್ರ ‘ತಿರುವರುಟ್ಚೆಲ್ವರ್’ನಲ್ಲಿ ಪಿ. ಸುಶೀಲಾ ಹಾಡಿದ ‘ಮನ್ನವನ್ ವಂದಾನಡಿ’ ಕೇಳಿ. ಕೆ.ವಿ. ಮಹಾದೇವನ್ ಸಂಗೀತ. ಅದನ್ನು ಯಾರೂ ಯಮನ್ ಅನ್ನುವುದಿಲ್ಲ. ಆಮೇಲೆ ಹಿಂದಿಯ ‘ಚಿತ್ರಲೇಖಾ’ದ ‘ಮನ್ ರೇ’ ಕೇಳಿ. ಅದನ್ನು ನಮ್ಮ ಕಲ್ಯಾಣಿ ಅನ್ನಲು ನಿಮಗೇ ಮನಸ್ಸು ಬರುವುದಿಲ್ಲ. ನಾಲ್ಕೇ ನಿಮಿಷದಲ್ಲಿ ಇಷ್ಟು ಗುರುತು ಸಿಗುತ್ತದೆ ಅಂದರೆ, ಅಲ್ಲಿ ಸ್ವರಕ್ಕಿಂತ ಹೆಚ್ಚಿನದು ಏನೋ ಇದೆ.

‘ಮನ್ ರೇ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1960ರ ‘ಬರ್‌ಸಾತ್ ಕೀ ರಾತ್’ ಚಿತ್ರದಲ್ಲಿ ‘ಜಿಂದಗೀ ಭರ್ ನಹೀಂ ಭೂಲೇಗೀ’ ಅಂತ ಒಂದು ಹಾಡಿದೆ. ಮಳೆಯ ರಾತ್ರಿ ಸಿಕ್ಕ ಹುಡುಗಿಯ ನೆನಪು. 1964ರ ‘ಮನ್ ರೇ’ ಸ್ವಂತ ಮನಸ್ಸಿಗೆ ಸಮಾಧಾನ ಹೇಳುವ ಹಾಡು. ಎರಡಕ್ಕೂ ಸಾಹಿರ್ ಲೂಧಿಯಾನ್ವಿ ಸಾಹಿತ್ಯ, ರೋಶನ್ ಸಂಗೀತ, ರಫಿ ಕಂಠ. ರಾಗವೂ ಯಮನ್ ಕಡೆಯದೇ. ಕವಿ, ಸಂಗೀತಗಾರ, ಗಾಯಕ, ರಾಗ ಯಾವುದೂ ಬದಲಾಗಿಲ್ಲ. ಆದರೂ ಒಂದು ಹಾಡಿನಲ್ಲಿ ಹುಡುಗ, ಇನ್ನೊಂದರಲ್ಲಿ ಸನ್ಯಾಸಿ. ಗಂಟೆಗಟ್ಟಲೆ ಹಾಡುವವರು ಒಂದೇ ಕಚೇರಿಯಲ್ಲಿ ಇವೆರಡನ್ನೂ ತೋರಿಸಬಲ್ಲರು, ಒಪ್ಪಿದೆ. ಸಿನಿಮಾದವರು ಒಂದು ಹಾಡಿಗೆ ಒಂದು ಮುಖ ಮಾತ್ರ ತೋರಿಸುತ್ತಾರೆ. ಅದು ಸಣ್ಣ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ನನ್ನದೇ ಕಥೆ ಹೇಳಬೇಕೆಂದರೆ, ಎಲ್ಲರಂತೆ ನಾನೂ ಸಂಗೀತದ ಆರಂಭದ ಪಾಠದಲ್ಲಿ ಕಲ್ಯಾಣಿಯ ‘ಕಮಲಜಾದಳ’ ಗೀತೆ ಕಲಿತವನೇ. ಸ್ವರ ಬಾಯಿಪಾಠ. ಕೈಯಲ್ಲಿ ತ್ರಿಪುಟ ತಾಳ. ಆದರೆ ಬೇರೆ ಯಾರಾದರೂ ಕಲ್ಯಾಣಿ ಹಾಡಿದರೆ ಗುರುತು ಸಿಗುತ್ತಿರಲಿಲ್ಲ. ಒಂದು ರಾತ್ರಿ ಬಸ್ಸು ದಾರಿಯಲ್ಲಿ ಹೋಟೆಲ್ ಹತ್ತಿರ ನಿಂತಿತ್ತು. ಒಳಗೆ ರೇಡಿಯೋದಲ್ಲಿ ‘ಮನ್ ರೇ’ ಬರುತ್ತಿತ್ತು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ‘ಅರೆ, ಇದು ನಮ್ಮ ಗೀತೆಯ ನೆಂಟರು’ ಅನ್ನಿಸಿತು. ಮೇಷ್ಟ್ರು ಎರಡು ವರ್ಷ ಬಡಿದುಕೊಂಡರೂ ಆಗದ್ದು ಒಂದು ಕಾಫಿಗೆ ಆಯಿತು. ಮೇಷ್ಟ್ರು ಬಡಿದುಕೊಳ್ಳದಿದ್ದರೆ ಆ ಕಾಫಿಯಿಂದಲೂ ಆಗುತ್ತಿರಲಿಲ್ಲ, ಅದೂ ನಿಜ.

ಗೀತೆ ಅಂದಾಗ ನೆನಪಾಯಿತು. 17ನೇ ಶತಮಾನದಲ್ಲಿ ‘ಚತುರ್ದಂಡಿ ಪ್ರಕಾಶಿಕೆ’ ಬರೆದ ವೆಂಕಟಮಖಿ ತಂಜಾವೂರಿನಲ್ಲಿದ್ದ ಕನ್ನಡ ಮನೆತನದವರು. ಇವತ್ತಿನ 72 ಮೇಳದ ಲೆಕ್ಕಕ್ಕೆ ಬುನಾದಿ ಹಾಕಿದವರೇ ಅವರು. ಕಲ್ಯಾಣಿ ಬಗ್ಗೆ ಅವರು ಏನು ಹೇಳಿದರು ಗೊತ್ತಲ್ಲ? ಗೀತೆ, ಠಾಯ, ಪ್ರಬಂಧ ಎಂಬ ಆ ಕಾಲದ ಸಂಗೀತ ಪ್ರಕಾರಗಳಿಗೆ ಅದು ಯೋಗ್ಯವಲ್ಲ ಅಂದರು. ಇವತ್ತು ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಅದೇ ಕಲ್ಯಾಣಿಯ ಗೀತೆ ಹಾಡುತ್ತಾರೆ. ನೀವು ಕಾಪಾಡಬೇಕು ಅನ್ನುತ್ತಿರುವ ರಾಗವೂ ಒಂದು ಕಾಲಕ್ಕೆ ಜಗಲಿಯಲ್ಲೇ ಕೂತಿತ್ತು ಮೇಡಂ. ನಡುಮನೆಗೆ ಬಂದದ್ದು ಆಮೇಲೆ.

1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಕೂಡ ನಿಮ್ಮ ಹಾಗೇ ಯೋಚಿಸಿದರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾಯಿತು. ಜನ ರೇಡಿಯೋದ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. 1957ರಲ್ಲಿ ವಿವಿಧ ಭಾರತಿ ಶುರು ಮಾಡಲೇಬೇಕಾಯಿತು. ತಮಾಷೆ ಏನೆಂದರೆ, ‘ಬೈಜು ಬಾವ್ರಾ’ ಬಂದದ್ದೂ ಅದೇ 1952ರಲ್ಲಿ. ಸಂಗೀತ ನಿರ್ದೇಶಕ ನೌಷಾದ್ ಆ ಚಿತ್ರಕ್ಕೆ ಹಿಂದೂಸ್ತಾನಿ ಗಾಯಕರಾದ ಉಸ್ತಾದ್ ಅಮೀರ್ ಖಾನ್, ಡಿ.ವಿ. ಪಲುಸ್ಕರ್ ಇಬ್ಬರನ್ನೂ ಕರೆಸಿ ಹಾಡಿಸಿದ್ದರು.

ನಮ್ಮ ಕಡೆಯ ನಂಟೂ ಇದರಲ್ಲಿದೆ. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯಿಂದ ಎರಡು ಸಿನಿಮಾ ಹುಟ್ಟಿದವು. 1956ರ ಹಿಂದಿಯ ‘ಬಸಂತ್ ಬಹಾರ್’ನಲ್ಲಿ ಗದಗದ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಸೇರಿ ‘ಕೇತಕೀ ಗುಲಾಬ್’ ಹಾಡಿದರು. ಅದು ಸ್ಪರ್ಧೆಯ ಹಾಡು, ಕಥೆಯ ಪ್ರಕಾರ ಗೆಲ್ಲಬೇಕಾದ್ದು ಮನ್ನಾ ಡೇ ದನಿ. ಜೋಶಿಯವರ ಎದುರು ಹಾಡುವುದೇ, ಅದರಲ್ಲೂ ಗೆಲ್ಲುವುದೇ ಎಂದು ಊರು ಬಿಟ್ಟು ಓಡಿಹೋಗುವ ಯೋಚನೆ ಬಂದಿತ್ತಂತೆ ಅವರಿಗೆ. ಅವರೇ ಹೇಳಿಕೊಂಡಿದ್ದಾರೆ. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ‘ಹಂಸಗೀತೆ’ ಮಾಡಿದರು. ಅದರಲ್ಲಿ ಬಾಲಮುರಳಿಕೃಷ್ಣ ಹಾಡಿದ ‘ಹಿಮಾದ್ರಿ ಸುತೇ’ ಶ್ಯಾಮಾ ಶಾಸ್ತ್ರಿಗಳ ಕೃತಿ, ಕಲ್ಯಾಣಿಯದೇ. ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಪಟ್ಟಿಯಲ್ಲಿ ನೀವು ಗೀಟು ಹಾಕದೆ ಬಿಟ್ಟದ್ದು ಇದೊಂದನ್ನೇ. ನೋಡಿ ಸಂತೋಷವಾಯಿತು.

ಇನ್ನು ತ್ಯಾಗರಾಜರ ವಿಷಯ. 1985ರ ತಮಿಳು ಚಿತ್ರ ‘ಸಿಂಧು ಭೈರವಿ’ಯಲ್ಲಿ ಇಳಯರಾಜಾ ‘ಮರಿ ಮರಿ ನಿನ್ನೇ’ ಕೃತಿಯನ್ನು ಕಾಂಭೋಜಿ ರಾಗದಿಂದ ಸಾರಮತಿ ರಾಗಕ್ಕೆ ತಂದರು. ನಿಮಗೆ ಸಿಟ್ಟು ಬಂದದ್ದು ಸಹಜ. ಮೊದಲ ಸಲ ಕೇಳಿದಾಗ ನನಗೂ ಕಿರಿಕಿರಿಯಾಗಿತ್ತು. ಆದರೆ ಆ ದೃಶ್ಯ ನೋಡಿ. ಜನಪದ ಧಾಟಿಯ ಒಂದು ಹಾಡು ಹರಿದುಬಂದು ಹಾಗೇ ಕೃತಿಯೊಳಗೆ ಸೇರಬೇಕು. ಎರಡಕ್ಕೂ ಒಂದೇ ರಾಗ ಇಲ್ಲದಿದ್ದರೆ ಆ ಸೇರುವಿಕೆಯೇ ಇಲ್ಲ. ಕಥೆಗಾಗಿ ಮಾಡಿದ್ದು ಅದು. ನಾಳೆ ಯಾರಾದರೂ ಪಾಠದಲ್ಲಿ ‘ತ್ಯಾಗರಾಜರ ಸಾರಮತಿ ಕೃತಿ’ ಅಂತ ಅದನ್ನು ಕಲಿಸಿದರೆ ಹೇಳಿ, ನಿಮ್ಮ ಜೊತೆ ಜಗಳಕ್ಕೆ ನಾನೂ ಬರುತ್ತೇನೆ.

ಎಲ್ಲ ಹಾಡನ್ನೂ ನಾನು ಸಮರ್ಥಿಸುತ್ತಿಲ್ಲ. ಪಲ್ಲವಿಯಲ್ಲಿ ಎರಡು ಸಾಲು ರಾಗ ಇಟ್ಟು, ಚರಣಕ್ಕೆ ಬರುವಷ್ಟರಲ್ಲಿ ಎಲ್ಲೋ ಹೋಗಿಬಿಡುವ ಹಾಡುಗಳು ಬೇಕಾದಷ್ಟಿವೆ. ಅವನ್ನೂ ‘ಇಂಥ ರಾಗ’ ಅಂತ ಪಟ್ಟಿಗೆ ಸೇರಿಸುವುದು ನಮ್ಮಂಥ ಪತ್ರಿಕೆಯವರ ಚಟ. ಮುಂದಿನ ಸಲ ‘ಕಲ್ಯಾಣಿ’ ಒಂದು ಕಡೆ, ‘ಯಮನ್’ ಒಂದು ಕಡೆ, ‘ನೆರಳು ಮಾತ್ರ’ ಇನ್ನೊಂದು ಕಡೆ ಅಂತ ಮೂರು ಭಾಗ ಮಾಡುತ್ತೇವೆ. ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾ ಕಲ್ಯಾಣಿ. ಅದರಲ್ಲಿ ಎರಡೂ ಮಧ್ಯಮ ಬರುತ್ತವೆ. ಆ ಜಾತಿಯ ಹಾಡುಗಳನ್ನು ಎಲ್ಲಿ ಕೂರಿಸಬೇಕು ಅಂತ ನೀವೇ ಹೇಳಬೇಕು.

ಮೊಮ್ಮಗಳು ‘ಜಬ್ ದೀಪ್ ಜಲೇ ಆನಾ’ ಹಾಡಿದರೆ ಬೈಯಬೇಡಿ. ದೀಪ ಹಚ್ಚುವ ಹೊತ್ತಿಗೆ ಬಾ ಅನ್ನುವ ಹಾಡು, ಆ ಹೊತ್ತಿಗೇ ಹಾಡುವ ರಾಗ. ಸಾಹಿತ್ಯ, ಸಂಗೀತ ಎರಡೂ ರವೀಂದ್ರ ಜೈನ್ ಅವರದೇ. ಹಾಡಿದವರಲ್ಲಿ ಒಬ್ಬರು ನಮ್ಮ ಸಂಗೀತ ಕಲಿತ ಯೇಸುದಾಸ್. ಅವಳಿಗೆ ಇನ್ನೊಂದು ಕೆಲಸ ಕೊಡಿ. ‘ಸಿಂಧು ಭೈರವಿ’ಯಲ್ಲೇ ಯೇಸುದಾಸ್ ಹಾಡಿದ ‘ಕಲೈವಾಣಿಯೇ’ ಇದೆ. ಕಲ್ಯಾಣಿಯ ಆರೋಹಣದಲ್ಲೇ, ಅಂದರೆ ಸ್ವರಗಳು ಮೇಲೇರುವ ಕ್ರಮದಲ್ಲೇ, ಕಟ್ಟಿದ ಹಾಡು. ಏನೂ ಹೇಳದೆ ಕೇಳಿಸಿ, ಇದರಲ್ಲಿ ಏನು ಕಾಣೆಯಾಗಿದೆ ಅಂತ ಕೇಳಿ. ಅವರೋಹಣ (ಇಳಿಯುವ ಕ್ರಮ) ಅಂತ ಹೇಳಲು ಎಷ್ಟು ಹೊತ್ತು ತೆಗೆದುಕೊಂಡಳು, ಬರೆಯಿರಿ. ನನಗೆ ಮೂರು ದಿನ ಹಿಡಿದಿತ್ತು.

– ಸಂ.