ಮಾಂಕ್ ನುಡಿಸಿದ್ದು ತಪ್ಪು ಸ್ವರವೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಭಜನೆ, ಭಾವಗೀತೆಗೆ ಹಾರ್ಮೋನಿಯಂ ನುಡಿಸುತ್ತೇನೆ. ಗೆಳೆಯರೊಬ್ಬರು ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ‘ಸೋಲೊ ಮಾಂಕ್’ ಆಲ್ಬಂ ಕಳಿಸಿದ್ದರು. ಬೆರಳು ಜಾರಿ ಪಕ್ಕದ ಕೀ ಒತ್ತಿದ ಹಾಗೆ ಕೇಳಿಸುತ್ತೆ. ಲಯವೂ ಅಲ್ಲಲ್ಲಿ ತಡವರಿಸುತ್ತೆ. ಇವರನ್ನು ಜಾಝ್‌ನ ದೊಡ್ಡ ಕಲಾವಿದ ಅಂತಾರಲ್ಲ, ಯಾಕೆ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ ಸ್ವಾಮಿ. ಪಕ್ಕದ ಕೀ ಒತ್ತಿದ್ದು ನಿಜ. ಆದರೆ ಬೆರಳು ಜಾರಿಲ್ಲ, ಬೇಕಂತಲೇ ಒತ್ತಿದ್ದು.

ಹಾರ್ಮೋನಿಯಂ ನುಡಿಸುವ ನಿಮಗೆ ಇದು ಬೇಗ ಹಿಡಿಸುತ್ತದೆ. ಕೋಮಲ ಗ, ಶುದ್ಧ ಗ ಎರಡಕ್ಕೂ ಒಂದೊಂದು ಕೀ ಇದೆ. ಅವೆರಡರ ನಡುವಿನ ಸ್ವರಕ್ಕೆ ಕೀ ಇಲ್ಲ. ಗಾಯಕರು ಮೀಂಡ್‌ನಲ್ಲಿ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುತ್ತಾ, ಅಲ್ಲಿ ಸಲೀಸಾಗಿ ಓಡಾಡುತ್ತಾರೆ, ನಾವು ಮೆಟ್ಟಿಲು ಹತ್ತಿಳಿಯಬೇಕು. ಆಕಾಶವಾಣಿ ಹಾರ್ಮೋನಿಯಂ ಅನ್ನು ದಶಕಗಳ ಕಾಲ ಹೊರಗಿಟ್ಟಿದ್ದಕ್ಕೆ ಇದೂ ಒಂದು ಕಾರಣ ಅಲ್ವಾ? ಪಿಯಾನೊದ ಕಥೆಯೂ ಇದೇ. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ನ ಗಾಯಕರು ಆ ನಡುವಿನ ಗಾಂಧಾರವನ್ನು ಬಗ್ಗಿಸಿ ಹಾಡುತ್ತಾರೆ. ಬ್ಲೂಸ್‌ನ ಜೀವವೇ ಅದು. ಪಿಯಾನೊದವರಿಗೆ ಅದು ಸಿಗುವುದಿಲ್ಲ.

ಮಾಂಕ್ ಮಾಡಿದ್ದು ಇಷ್ಟು: ಅಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತಿ, ಒಂದನ್ನು ತಟ್ಟನೆ ಬಿಟ್ಟು, ಇನ್ನೊಂದನ್ನು ಹಿಡಿದುಕೊಳ್ಳುವುದು. ಮೊದಲು ಒಂದು ಘರ್ಷಣೆ, ಆಮೇಲೆ ಅದರೊಳಗಿಂದ ಒಂದೇ ಸ್ವರ ಹೊರಗೆ ಬರುತ್ತದೆ. ಸ್ವರ ಬಗ್ಗಿದ ಹಾಗೆ ಕಿವಿಗೆ ಅನ್ನಿಸುತ್ತದೆ. ಈಗಲೇ ನಿಮ್ಮ ಪೆಟ್ಟಿಗೆ ತೆಗೆದು ಎರಡೂ ಗಾಂಧಾರ ಒಟ್ಟಿಗೆ ಒತ್ತಿ, ಕೋಮಲವನ್ನು ಬಿಡಿ. ಹಾರ್ಮೋನಿಯಂನಲ್ಲಿ ಸ್ವಲ್ಪ ಕರ್ಕಶ ಅನ್ನಿಸಬಹುದು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಮರುಕ್ಷಣದಿಂದಲೇ ನಾದ ಇಳಿಯುತ್ತಾ ಹೋಗುವುದರಿಂದ ಅದು ಚೆನ್ನಾಗಿ ಕೂಡುತ್ತದೆ. ನಿಮ್ಮ ಆಲ್ಬಂನಲ್ಲೇ ‘ಮಾಂಕ್ಸ್ ಪಾಯಿಂಟ್’ ಅಂತ ಒಂದು ಬ್ಲೂಸ್ ಇದೆ. ಅದರಲ್ಲಿ ಈ ಘರ್ಷಣೆಯೇ ರಾಗದ ಸಾಲು. ಮತ್ತೆ ಮತ್ತೆ ಬರುತ್ತದೆ. ಕೈತಪ್ಪು ಹಾಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ.

ಇನ್ನು ಲಯ. ಅದೇ ಆಲ್ಬಂನ ಮೊದಲ ಹಾಡು ‘ಡೈನಾ’ ಹಾಕಿ, ಎಡಗೈ ಮಾತ್ರ ಕೇಳಿ. ತಳದಲ್ಲಿ ಒಂದು ಸ್ವರ, ಮೇಲೆ ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು), ಮತ್ತೆ ತಳ, ಮತ್ತೆ ಮೇಲೆ. ಇದಕ್ಕೆ ಸ್ಟ್ರೈಡ್ ಅಂತಾರೆ. ನ್ಯೂಯಾರ್ಕ್‌ನಲ್ಲಿ ಜೇಮ್ಸ್ ಪಿ. ಜಾನ್ಸನ್ ಮುಂತಾದವರು ಬೆಳೆಸಿದ ಹಳೆಯ ಶೈಲಿ. ಬೇರೆ ವಾದ್ಯವೇ ಬೇಡ, ಎಡಗೈಯೇ ತಬಲಾ, ಎಡಗೈಯೇ ತಳದ ಸ್ವರ ಹಿಡಿಯುವ ಬೇಸ್. 1917ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ಗೆ ಬಂದ ಮಾಂಕ್‌ಗೆ ಈ ಶೈಲಿ ಕಿವಿಯಲ್ಲೇ ಕೂತಿತ್ತು. ಅದರಲ್ಲಿ ಅವರು ನಡುನಡುವೆ ಏಟು ಬಿಡುತ್ತಾರೆ. ನೀವು ತೊಡೆ ಮೇಲೆ ತಾಳ ಹಾಕುತ್ತಾ ಕೇಳಿ. ನಿಂತಿದೆ ಅಂದುಕೊಂಡ ಕಡೆ ತಾಳ ನಿಂತಿರುವುದಿಲ್ಲ, ಕೈ ಮಾತ್ರ ಸುಮ್ನಿರುತ್ತದೆ. ಮುಂದಿನ ಏಟು ಬೀಳಬೇಕಾದಲ್ಲೇ ಬೀಳುತ್ತದೆ. ನಿಧಾನದ ಹಾಡುಗಳಲ್ಲಿ ಮಾತ್ರ ಅವರು ನಿಜಕ್ಕೂ ಲಯ ಎಳೆದಾಡುತ್ತಾರೆ, ಅದನ್ನು ಒಪ್ಪಿಕೊಳ್ಳೋಣ.

ಅವರ ಕಾಲದವರಿಗೂ ನಿಮ್ಮದೇ ಅನುಮಾನವಿತ್ತು. 1940ರ ದಶಕದ ಆರಂಭದಲ್ಲಿ ಮಾಂಕ್ ನ್ಯೂಯಾರ್ಕ್‌ನ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್‌ನಲ್ಲಿ ಖಾಯಂ ಪಿಯಾನೊ ವಾದಕರಾಗಿದ್ದರು. ಬೀಬಾಪ್ ಎಂಬ ಹೊಸ ಜಾಝ್ ರೂಪುಗೊಂಡ ಜಾಗಗಳಲ್ಲಿ ಅದೂ ಒಂದು. ಆದರೂ ತಮ್ಮ ಹೆಸರಿನಲ್ಲಿ ಬ್ಲೂ ನೋಟ್ ಕಂಪನಿಗೆ ಮೊದಲು ರೆಕಾರ್ಡ್ ಮಾಡಿದ್ದು 1947ರಲ್ಲಿ, ಮೂವತ್ತರ ಹೊತ್ತಿಗೆ. ಆ ರೆಕಾರ್ಡುಗಳು ಜಾಸ್ತಿ ಮಾರಾಟವಾಗಲಿಲ್ಲ. 1951ರಲ್ಲಿ ಮಾದಕವಸ್ತು ಕೇಸೊಂದರಲ್ಲಿ ಸಿಕ್ಕಿಕೊಂಡು ಕ್ಯಾಬರೆ ಕಾರ್ಡ್ ಕಳೆದುಕೊಂಡರು. ಮದ್ಯ ಮಾರುವ ಕ್ಲಬ್‌ನಲ್ಲಿ ನುಡಿಸಲು ನ್ಯೂಯಾರ್ಕ್‌ನಲ್ಲಿ ಆ ಪರವಾನಗಿ ಇರಲೇಬೇಕಿತ್ತು. ಅಲ್ಲಿಗೆ ಊರಿನ ಕ್ಲಬ್ಬುಗಳ ಬಾಗಿಲು ಸುಮಾರು ಆರು ವರ್ಷ ಬಂದ್. 1957ರಲ್ಲಿ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದ ಮೇಲೆ ಗಾಳಿ ತಿರುಗಿತು. 1964ರ ಫೆಬ್ರವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ನುಡಿಸಾಣಿಕೆ ಹೆಚ್ಚುಕಡಿಮೆ ಅದೇ ಇತ್ತು, ಕೇಳುವವರು ಬದಲಾಗಿದ್ದರು.

ಪ್ರಶ್ನೆ: ಮಾಂಕ್ ಒಬ್ಬರೇ ನುಡಿಸಿದ ರೆಕಾರ್ಡುಗಳಲ್ಲಿ ಮೊದಲು ಯಾವುದು ಕೇಳಲಿ?

ಉತ್ತರ: ಪ್ಯಾರಿಸ್‌ನಲ್ಲಿ 1954ರಲ್ಲಿ ಮಾಡಿದ್ದು, 1957ರ ‘ಥೆಲೋನಿಯಸ್ ಹಿಮ್‌ಸೆಲ್ಫ್’, 1959ರ ‘ಅಲೋನ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’, 1965ರ ‘ಸೋಲೊ ಮಾಂಕ್’. ಮುಖ್ಯವಾದವು ಈ ನಾಲ್ಕು. ಹೊಸಬರಿಗೆ ನಾನು ಸ್ಯಾನ್ ಫ್ರಾನ್ಸಿಸ್ಕೊದ್ದನ್ನೇ ಕೊಡುತ್ತೇನೆ. ಫುಗಾಜಿ ಹಾಲ್ ಎಂಬಲ್ಲಿ, ಪ್ರೇಕ್ಷಕರಿಲ್ಲದೆ, ಅಕ್ಟೋಬರ್‌ನ ಎರಡು ದಿನದಲ್ಲಿ ಮುಗಿಸಿದ್ದು. ಒಂದೊಂದು ಸ್ವರವನ್ನೂ ಪೂರ್ತಿ ಆರುವ ತನಕ ಬಿಟ್ಟು ಕೇಳುತ್ತಾ ನುಡಿಸಿದ್ದಾರೆ. ‘ಸೋಲೊ ಮಾಂಕ್’ ಇದಕ್ಕಿಂತ ತಮಾಷೆಯದು, ಹಗುರ. ಪ್ಯಾರಿಸ್‌ನದು ಒರಟು, ಅವಸರದ್ದು, ಅದನ್ನು ಕೊನೆಗಿಟ್ಟುಕೊಳ್ಳಿ.

‘ಥೆಲೋನಿಯಸ್ ಹಿಮ್‌ಸೆಲ್ಫ್’ ಕೊಳ್ಳುವುದಾದರೆ ‘ರೌಂಡ್ ಮಿಡ್‌ನೈಟ್’ ಹಾಡಿನ ಉದ್ದನೆಯ, ಸುಮಾರು 22 ನಿಮಿಷದ ಟೇಪ್ ಸೇರಿರುವ ಸಿಡಿ ಆವೃತ್ತಿ ನೋಡಿ. ಅದು ಅವರೇ ಬರೆದ ಹಾಡು, ವರ್ಷಗಟ್ಟಲೆ ನುಡಿಸಿದ್ದು. ಆದರೂ ಶುರು ಮಾಡುತ್ತಾರೆ, ನಿಲ್ಲಿಸುತ್ತಾರೆ, ಅದೇ ಸಾಲಿಗೆ ಬೇರೆ ಕಾರ್ಡ್ ಇಟ್ಟು ನೋಡುತ್ತಾರೆ, ಅದೂ ಬೇಡ ಅಂತ ಮತ್ತೆ ಮೊದಲಿಂದ. ಯಾವ ಸ್ವರ ಬೇಕು ಅಂತ ಇಷ್ಟು ತಡಕಾಡುವ ಮನುಷ್ಯನ ಮೇಲೆ ಬೆರಳು ಜಾರಿದ ಆರೋಪ ನಿಲ್ಲುವುದಿಲ್ಲ. ಇದೇ ಆಲ್ಬಂನ ಕೊನೆಯ ಹಾಡು ಮಾತ್ರ ಸೋಲೊ ಅಲ್ಲ, ಅದರಲ್ಲಿ ಕೋಲ್ಟ್ರೇನ್ ಮತ್ತು ಬೇಸ್ ವಾದಕ ವಿಲ್ಬರ್ ವೇರ್ ಬರುತ್ತಾರೆ. ಬೇಜಾರಿಲ್ಲ, ಅದೂ ಚೆನ್ನಾಗಿದೆ.

ಪ್ರಶ್ನೆ: ಆಮೇಲೆ ಒಬ್ಬರೇ ನುಡಿಸಲೇ ಇಲ್ಲವೇ?

ಉತ್ತರ: ನುಡಿಸಿದರು. 1971ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ಒಂದೇ ದಿನ ಕೂತು ಬ್ಲ್ಯಾಕ್ ಲಯನ್ ಕಂಪನಿಗೆ ರೆಕಾರ್ಡ್ ಮಾಡಿದರು. ಒಂದಷ್ಟು ಸೋಲೊ, ಒಂದಷ್ಟು ಬೇಸ್ ಮತ್ತು ಡ್ರಮ್ಸ್ ಜೊತೆ. 1970ರ ದಶಕದ ನಡುವಿನಿಂದ ವೇದಿಕೆ ಬಿಟ್ಟರು. ಆರೋಗ್ಯ, ಮನಸ್ಸು ಎರಡೂ ಸರಿಯಿರಲಿಲ್ಲ. ಕೊನೆಯ ವರ್ಷಗಳಲ್ಲಿ ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ಗೆಳತಿ ಪನೋನಿಕಾ ಅವರ ಮನೆಯಲ್ಲಿದ್ದರು. ಮನೆಯಲ್ಲಿ ಪಿಯಾನೊ ಇತ್ತು, ಮುಟ್ಟುತ್ತಿದ್ದದ್ದು ಮಾತ್ರ ತೀರಾ ಅಪರೂಪ. 1982ರ ಫೆಬ್ರವರಿ 17ರಂದು ತೀರಿಕೊಂಡರು.

ಪ್ರಶ್ನೆ: ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಮಾಂಕ್ ಅವರದ್ದು ಏನಾದರೂ ನುಡಿಸಬಹುದೇ?

ಉತ್ತರ: ‘ಬ್ಲೂ ಮಾಂಕ್’ ಕೊಡಿ. ಬಿ ಫ್ಲಾಟ್ ಶ್ರುತಿಯಲ್ಲಿದೆ, 12 ಬಾರ್‌ನ, ಅಂದರೆ 12 ಆವರ್ತನದ ಬ್ಲೂಸ್. ಶುರುವಿನ ಸಾಲು ಅರ್ಧ ಅರ್ಧ ಸ್ವರ ಹತ್ತಿಕೊಂಡು ಹೋಗುತ್ತದೆ, ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತದೆ. ಕೀಬೋರ್ಡ್ ಒತ್ತಡಕ್ಕೆ ತಕ್ಕಂತೆ ಸದ್ದು ಏರಿಳಿಯುವಂಥದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ಆ ಎರಡು ಕೀ ಒತ್ತುವ ಆಟ ಬರೀ ಗಲಾಟೆ ಅನ್ನಿಸುತ್ತದೆ. ಮಾಂಕ್ ಬೆರಳು ಬಗ್ಗಿಸದೆ ನೆಟ್ಟಗೆ ಚಾಚಿ, ದಪ್ಪ ಉಂಗುರ ಹಾಕಿಕೊಂಡೇ ನುಡಿಸುತ್ತಿದ್ದರು. ಅದನ್ನು ಮಾತ್ರ ಮಗಳಿಗೆ ಹೇಳಬೇಡಿ, ಕಲಿಸುವವರು ನನ್ನನ್ನು ಬೈತಾರೆ.